ಮನೆಯ ಆರೋಗ್ಯ: ಉಸಿರಿನ ಹಾದಿ

ಊಟಕ್ಕೆ ಕುಳಿತವರಿಗೆ ಫಕ್ಕನೆ ಕೆಮ್ಮು ಹತ್ತಿ ಕಣ್ಣಲ್ಲಿ ನೀರಾಡಿತೆಂದರೆ, "ನೆತ್ತಿಗೆ ಹತ್ತಿತು, ಯಾರೋ ನೆನೆಸಿಕೊಂಡರು" ಎಂದು ಹೇಳಿ ತಲೆಯ ಮೇಲೆ ಮೆಲ್ಲಗೆ ತಟ್ಟುವುದು ನಮ್ಮ ಮನೆಗಳಲ್ಲಿ ವಾಡಿಕೆ. ನೆನೆಸಿಕೊಂಡವರ ವಿಷಯದಲ್ಲಿ ನಮ್ಮ ತಕರಾರೇನೂ ಇಲ್ಲ. ಆದರೆ ಅನ್ನದ ಅಗುಳು ನೆತ್ತಿಗೆ ಹೋಗುವುದಿಲ್ಲವೆಂಬುದನ್ನೂ, ಅದು ದಾರಿತಪ್ಪಿ ಹೋಗುವ ಸ್ಥಳವೇ ಬೇರೆಯೆಂಬುದನ್ನೂ ಪ್ರತಿಯೊಬ್ಬ ಗೃಹಸ್ಥನೂ ಗೃಹಿಣಿಯೂ ತಿಳಿದಿರುವುದು ಅವಶ್ಯಕ. ಹಿಂದಿನ ಸಂಚಿಕೆಯಲ್ಲಿ ಅನ್ನದ ಹಾದಿಯನ್ನು ಕುರಿತು ಬರೆದೆವು. ಈ ಸಲ ಉಸಿರಿನ ಹಾದಿಯನ್ನು ವಿವರಿಸುವೆವು.

ಮೂಗು ಈ ಹಾದಿಯ ಹೆಬ್ಬಾಗಿಲು. ಒಳಗೆ ಬರುವ ಗಾಳಿಯ ಧೂಳನ್ನು ಅದರ ರೋಮಗಳೂ ಲೋಳೆಯೂ ಹಿಡಿದಿಡುವುವು. ತಣ್ಣನೆಯ ಗಾಳಿ ಅಲ್ಲಿಯೇ ಬೆಚ್ಚಗಾಗಿ ತೇವಗೊಂಡು ಮುಂದೆ ಸಾಗುವುದು. ಬಾಯಿಯಲ್ಲಿ ಉಸಿರಾಡಬೇಡವೆಂದು ಹಿರಿಯರು ಮಕ್ಕಳಿಗೆ ಹೇಳುವುದರಲ್ಲಿ ಅರ್ಥವುಂಟು.

ಮೂಗಿನ ಹಾದಿಯೂ ಬಾಯಿಯ ಹಾದಿಯೂ ಗಂಟಲಿನಲ್ಲಿ ಕೂಡಿ, ಕೆಳಗೆ ಮತ್ತೆ ಎರಡಾಗಿ ಒಡೆಯುವುವು. ಮುಂದಿರುವುದು ಶ್ವಾಸನಾಳ, ಅದರ ಬೆನ್ನಿಗೆ ಅಂಟಿಕೊಂಡಿರುವುದು ಅನ್ನನಾಳ. ಬಾಯಿಯಿಂದ ಬಂದ ತುತ್ತು ಶ್ವಾಸನಾಳದ ಬಾಯಿಯನ್ನು ದಾಟಿಯೇ ಹಿಂದಿನ ಕೊಳವೆಯನ್ನು ಸೇರಬೇಕು. ಈ ಕೂಡುದಾರಿಯನ್ನು ಕಾಯುವುದಕ್ಕೆ ಎಲೆಯಾಕಾರದ ಒಂದು ಮುಚ್ಚಳವೂ ಅದರ ಕೆಳಗೆ ಧ್ವನಿಪೆಟ್ಟಿಗೆಯೂ ಇರುವುವು. ಓದುಗರು ಕೊರಳಿನ ಗಂಟಿನ ಮೇಲೆ ಬೆರಳಿಟ್ಟು ಒಮ್ಮೆ ಉಗುಳು ನುಂಗಿ ನೋಡಲಿ. ಗಂಟು ಮೇಲಕ್ಕೆ ಜಿಗಿಯುವುದು. ಆ ಕ್ಷಣದಲ್ಲಿ ಧ್ವನಿಪೆಟ್ಟಿಗೆ ಮೇಲೆದ್ದು, ಮುಚ್ಚಳ ಬಾಗಿ, ಧ್ವನಿತಂತುಗಳು ಒಂದಕ್ಕೊಂದು ಕೂಡಿ ಉಸಿರು ನಿಲ್ಲುವುದು. ತುತ್ತು ದಾಟಿದ ಮೇಲೆ ಬಾಗಿಲು ಮತ್ತೆ ತೆರೆಯುವುದು. ಬಾಯಲ್ಲಿ ತುತ್ತಿರುವಾಗ ನಕ್ಕರೆ, ಅತ್ತರೆ, ಮಾತನಾಡಿದರೆ, ಓಡಿದರೆ ಮುಚ್ಚಬೇಕಾದ ಹೊತ್ತಿನಲ್ಲಿಯೇ ಬಾಗಿಲು ತೆರೆಯುವುದುಂಟು. ಉಣ್ಣುವಾಗ ಮಾತು ಬೇಡವೆಂಬ ಹಳೆಯ ನಿಯಮಕ್ಕೆ ಶರೀರಶಾಸ್ತ್ರದ ಒಪ್ಪಿಗೆಯೂ ಇದೆ.

ಧ್ವನಿಪೆಟ್ಟಿಗೆಯಿಂದ ಕೆಳಗೆ ಶ್ವಾಸನಾಳ ದೊಡ್ಡವರಲ್ಲಿ 10ರಿಂದ 12 ಸೆಂಟಿಮೀಟರ್ ಉದ್ದವಿರುವುದು. ಅದು ಕುಸಿಯದಂತೆ ಮೃದ್ವಸ್ಥಿಯ 16ರಿಂದ 20 ಬಳೆಗಳು ಅದನ್ನು ಹಿಡಿದಿರುವುವು. ಈ ಬಳೆಗಳು ಪೂರ್ಣವಲ್ಲ. ಕುದುರೆಯ ಲಾಳದಂತೆ ಹಿಂಭಾಗದಲ್ಲಿ ತೆರೆದಿರುವುವು. ಹಿಂದಿನ ಅನ್ನನಾಳದಲ್ಲಿ ದೊಡ್ಡ ತುತ್ತು ಇಳಿಯುವಾಗ ಅದಕ್ಕೆ ಎಡೆ ಸಿಗುವುದು ಇದರಿಂದಲೇ.

ಎದೆಯೊಳಗೆ ಈ ನಾಳ ಎರಡು ಕವಲಾಗುವುದು. ಎಡಗಡೆ ಹೃದಯಕ್ಕೆ ಸ್ಥಳ ಬೇಕಾದುದರಿಂದ ಎಡದ ಶ್ವಾಸಕೋಶ ಚಿಕ್ಕದು, ಅದರಲ್ಲಿ ಎರಡು ಭಾಗಗಳು, ಬಲದ್ದರಲ್ಲಿ ಮೂರು. ಎಡದ ಕವಲು ಉದ್ದವಾಗಿ ಓರೆಯಾಗಿ ಹೋಗುವುದು. ಬಲದ ಕವಲು ಗಿಡ್ಡ, ಅಗಲ, ಹೆಚ್ಚು ನೆಟ್ಟಗೆ. ದಾರಿತಪ್ಪಿ ಬಿದ್ದ ವಸ್ತು ದೊಡ್ಡವರಲ್ಲಿ ಹೆಚ್ಚಾಗಿ ಬಲಕ್ಕೆ ಇಳಿಯುವುದಕ್ಕೆ ಇದೇ ಕಾರಣ. ಚಿಕ್ಕ ಮಕ್ಕಳಲ್ಲಿ ಎರಡು ಕವಲುಗಳ ಅಂತರ ಇಷ್ಟು ಸ್ಪಷ್ಟವಾಗಿರದ ಕಾರಣ ಎಡಕ್ಕೆ ಹೋಗುವುದೂ ಅಪರೂಪವಲ್ಲ.

ಕವಲುಗಳು ಮರದ ಕೊಂಬೆರೆಂಬೆಗಳಂತೆ ಸುಮಾರು 23 ಬಾರಿ ಒಡೆದು, ಕೊನೆಗೆ ಗಾಳಿಗೂಡುಗಳಲ್ಲಿ ಮುಗಿಯುವುವು. ಒಂದೊಂದರ ಅಗಲ ಮಿಲಿಮೀಟರಿನ ಐದರಲ್ಲೊಂದು ಪಾಲು. 2004ರಲ್ಲಿ ಪ್ರಕಟವಾದ ಒಂದು ಎಣಿಕೆಯಂತೆ ಎರಡು ಶ್ವಾಸಕೋಶಗಳಲ್ಲಿ ಸರಾಸರಿ 48 ಕೋಟಿ ಗೂಡುಗಳಿರುವುವು. ಪ್ರತಿ ಗೂಡಿನ ಸುತ್ತಲೂ ಕೂದಲಿಗಿಂತ ಸಣ್ಣದಾದ ಲೋಮನಾಳಗಳ ಬಲೆ. ಇಲ್ಲಿಯೇ ಆಮ್ಲಜನಕ ರಕ್ತಕ್ಕೆ ಇಳಿಯುವುದು, ಇಂಗಾಲದ ಡೈಆಕ್ಸೈಡ್ ಹೊರಕ್ಕೆ ಬರುವುದು. ಈ ಬಲೆಯನ್ನು ಕಪ್ಪೆಯ ಶ್ವಾಸಕೋಶದಲ್ಲಿ ಸೂಕ್ಷ್ಮದರ್ಶಕದಿಂದ ಮೊದಲು ಕಂಡು 1661ರಲ್ಲಿ ಲೋಕಕ್ಕೆ ತಿಳಿಸಿದವನು ಇಟಲಿಯ ಮಾರ್ಚೆಲ್ಲೊ ಮಾಲ್ಪಿಗಿ.

ಇಷ್ಟು ದೀರ್ಘವಾಗಿ ಬರೆದುದಕ್ಕೆ ಒಂದು ಕಾರಣವುಂಟು. ನಮ್ಮ ಬಂಧುಗಳ ಮನೆಯಲ್ಲಿ ಸಂಕ್ರಾಂತಿಯ ದಿನ ಎರಡು ವರ್ಷದ ಮಗುವಿನ ಕೈಗೆ ಯಾರೋ ಎಳ್ಳುಬೆಲ್ಲವನ್ನು ಕೊಟ್ಟರು. ಮಗು ಓಡಾಡುತ್ತ ತಿನ್ನುತ್ತಿದ್ದಾಗ ಜೋರಾಗಿ ಕೆಮ್ಮಿತು. ತಾಯಿ ನೆತ್ತಿ ತಟ್ಟಿದಳು. ಸ್ವಲ್ಪ ಹೊತ್ತಿನಲ್ಲಿ ಕೆಮ್ಮು ನಿಂತು ಮಗು ಮತ್ತೆ ಆಡತೊಡಗಿತು. ವಾರ ಕಳೆದ ಮೇಲೆ ಜ್ವರ, ಕೆಮ್ಮು, ಉಸಿರಿನಲ್ಲಿ ಸಿಳ್ಳಿನಂಥ ಸದ್ದು. ಔಷಧದಿಂದ ಇಳಿದು ಮತ್ತೆ ಬಂದಿತು. ಹೀಗೆ ಎರಡು ತಿಂಗಳು. ಕೊನೆಗೆ ಮಕ್ಕಳ ವೈದ್ಯೆಯೊಬ್ಬರು ಸದ್ದು ಎದೆಯ ಬಲಗಡೆ ಮಾತ್ರವೇ ಕೇಳುವುದನ್ನು ಗಮನಿಸಿ, "ಎಂದಾದರೂ ತಿನ್ನುವಾಗ ಹಠಾತ್ತಾಗಿ ಕೆಮ್ಮಿತ್ತೆ?" ಎಂದು ಕೇಳಿದರು. ತಾಯಿ ತಲೆ ತಗ್ಗಿಸಿದಳು. ಅವಳಿಗೆ ಮೊದಲಿನಿಂದಲೂ ನೆನಪಿತ್ತು. "ಮಗುವನ್ನು ನೋಡಿಕೊಳ್ಳಲಾಗಲಿಲ್ಲವೆ" ಎಂದು ಅತ್ತೆಯವರು ಅಂದಾರೆಂದು ಬಾಯಿ ಬಿಟ್ಟಿರಲಿಲ್ಲ. ಅತ್ತೆಯವರಾದರೋ, ಎಳ್ಳನ್ನು ಕೊಟ್ಟವರು ತಾವೇ ಎಂದು ಸುಮ್ಮನಿದ್ದರು! ಮರುದಿನ ಮಗುವಿಗೆ ಅರಿವಳಿಕೆ ಕೊಟ್ಟು, ಶ್ವಾಸನಾಳದೊಳಗೆ ಕೊಳವೆಯಿಳಿಸಿ, ಕಡಲೆಕಾಯಿ ಬೀಜದ ಅರೆಹೋಳನ್ನು ತೆಗೆದರು. ಮಗು ಈಗ ಸುಖವಾಗಿದೆ.

ಕಡಲೆಬೀಜ ಎಕ್ಸ್‌ರೇ ಚಿತ್ರದಲ್ಲಿ ಕಾಣುವುದಿಲ್ಲ. ಅದು ತೇವಕ್ಕೆ ಉಬ್ಬುವುದು. ಅದರ ಎಣ್ಣೆ ನಾಳದ ಒಳಪೊರೆಯನ್ನು ಕೆರಳಿಸುವುದು. ಮೊದಲ ಕೆಮ್ಮು ನಿಂತ ಮೇಲೆ ಬರುವ ಸಮಾಧಾನವೇ ಅಪಾಯಕರ. ಹೊರಬಂದಿತೆಂದು ಮನೆಯವರು ತಿಳಿಯುವರು, ಒಳಗೆ ಅದು ಹುದುಗಿರುವುದು. ನಾಳದ ಸೂಕ್ಷ್ಮ ರೋಮಗಳು ಲೋಳೆಯೊಡನೆ ಧೂಳನ್ನು ಹೊರಗೆ ತಳ್ಳಬಲ್ಲುವು, ಬೀಜವನ್ನು ತಳ್ಳಲಾರವು. ಆದುದರಿಂದ ವೈದ್ಯರಿಗೆ ಮನೆಯವರ ಮಾತೇ ಮುಖ್ಯ ಸಾಕ್ಷಿ. ಹೊರಗಿನಿಂದ ಕೊಳವೆಯಿಳಿಸಿ ವಸ್ತುವನ್ನು ತೆಗೆಯುವ ಈ ವಿದ್ಯೆ 1897ರಲ್ಲಿ ಜರ್ಮನಿಯ ಗುಸ್ತಾವ್ ಕಿಲಿಯನ್ ಒಬ್ಬ ರೈತನ ಬಲ ಕವಲಿನಿಂದ ಮೂಳೆಯ ಚೂರನ್ನು ತೆಗೆದುದರಿಂದ ಆರಂಭವಾಯಿತು. ಅಮೆರಿಕದ ಷೆವಲಿಯರ್ ಜ್ಯಾಕ್ಸನ್ ಎಂಬ ವೈದ್ಯನು ರೋಗಿಗಳ ಅನ್ನನಾಳ ಶ್ವಾಸನಾಳಗಳಿಂದ ತೆಗೆದ ಪಿನ್ನು, ಗುಂಡಿ, ನಾಣ್ಯ ಮೊದಲಾದ ಎರಡು ಸಾವಿರಕ್ಕೂ ಮಿಕ್ಕ ವಸ್ತುಗಳು ಫಿಲಡೆಲ್ಫಿಯಾದ ವಸ್ತುಸಂಗ್ರಹಾಲಯವೊಂದರಲ್ಲಿ ಇರುವುವು.

ಇನ್ನು ಮನೆಯಲ್ಲಿ ಮಾಡತಕ್ಕುದೇನು? ನಾಲ್ಕೈದು ವರ್ಷ ತುಂಬುವವರೆಗೆ ಮಗುವಿಗೆ ಇಡೀ ಕಡಲೆಬೀಜ, ಹುರಿಗಡಲೆ, ಗೋಡಂಬಿಗಳನ್ನು ಕೊಡಬಾರದು. ಹಬ್ಬದ ಎಳ್ಳನ್ನು ಪುಡಿಮಾಡಿ ಕೊಟ್ಟರೆ ಶಾಸ್ತ್ರಕ್ಕೂ ಕುಂದಿಲ್ಲ, ಮಗುವಿಗೂ ಕ್ಷೇಮ. ಮಗುವನ್ನು ಕೂರಿಸಿ ತಿನ್ನಿಸಬೇಕು. ಅಳುವ ಬಾಯಿಗೆ ತುತ್ತಿಡಬಾರದು.

ಗಂಟಲಿಗೆ ಸಿಕ್ಕಿದಾಗ ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿರಿ. ಕೆಮ್ಮಿಗಿಂತ ಒಳ್ಳೆಯ ಔಷಧವಿಲ್ಲ. ಬಾಯಿಗೆ ಕುರುಡಾಗಿ ಬೆರಳು ಹಾಕಬೇಡಿರಿ, ವಸ್ತು ಇನ್ನೂ ಒಳಕ್ಕೆ ಹೋಗುವುದು. ಸದ್ದೇ ಹೊರಡದೆ ತುಟಿ ನೀಲಿಯಾದರೆ ಕ್ಷಣವೂ ತಡೆಯಬಾರದು. ಒಬ್ಬರು 108ಕ್ಕೆ ಕರೆ ಮಾಡಲಿ, ಮತ್ತೊಬ್ಬರು ಕೆಲಸಕ್ಕೆ ತೊಡಗಲಿ. ವರ್ಷ ತುಂಬದ ಕೂಸನ್ನು ತಲೆ ತಗ್ಗಿರುವಂತೆ ಮುಂಗೈ ಮೇಲೆ ಕವುಚಿ ಮಲಗಿಸಿಕೊಂಡು, ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಸಲ ಹೊಡೆಯಬೇಕು. ಆಮೇಲೆ ಅಂಗಾತ ತಿರುಗಿಸಿ ಎದೆಯ ನಡುವೆ ಐದು ಸಲ ಒತ್ತಬೇಕು. ವರ್ಷ ದಾಟಿದವರನ್ನು ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಐದು ಪೆಟ್ಟು. ಅನಂತರ ಹಿಂದಿನಿಂದ ತಬ್ಬಿ, ಹೊಕ್ಕುಳಿಗೆ ತುಸು ಮೇಲೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಬೇಕು. ವಪೆಯು ಮೇಲೆದ್ದು ಶ್ವಾಸಕೋಶದ ಗಾಳಿಯೇ ವಸ್ತುವನ್ನು ಹೊರಗೆ ನೂಕುವಂತೆ ಮಾಡುವ ಉಪಾಯವಿದು. 1974ರಲ್ಲಿ ಅಮೆರಿಕದ ಹೆನ್ರಿ ಹೈಮ್ಲಿಕ್ ಇದನ್ನು ಪ್ರಕಟಿಸಿದನು. ವಸ್ತು ಹೊರಬರುವವರೆಗೂ ಹೀಗೆ ಸರದಿಯಾಗಿ ಮಾಡುತ್ತಿರಬೇಕು. ಪ್ರಜ್ಞೆ ತಪ್ಪಿದರೆ ಗಟ್ಟಿನೆಲದ ಮೇಲೆ ಮಲಗಿಸಿ, ಎದೆಯೊತ್ತುವ ಪ್ರಥಮ ಚಿಕಿತ್ಸೆಯನ್ನು ಆರಂಭಿಸಬೇಕು. ಹೊಟ್ಟೆಯನ್ನು ಒತ್ತಿಸಿಕೊಂಡವರನ್ನು ವಸ್ತು ಹೊರಬಂದ ಮೇಲೂ ವೈದ್ಯರಿಗೆ ತೋರಿಸತಕ್ಕುದು.

ಕೊನೆಯದಾಗಿ ಮನೆಯ ಹಿರಿಯರಲ್ಲಿ ನಮ್ಮದೊಂದು ಬಿನ್ನಹ. ಮಗು ಕೆಮ್ಮಿದಾಗ "ಯಾರು ಕೊಟ್ಟರು?" ಎಂದು ಕೇಳಬೇಡಿರಿ, "ಏನು ತಿನ್ನುತ್ತಿತ್ತು, ಯಾವಾಗ ಕೆಮ್ಮಿತು?" ಎಂದು ಕೇಳಿರಿ. ಮೊದಲನೆಯ ಪ್ರಶ್ನೆಗೆ ಹೆದರಿ ಇಬ್ಬರು ಹೆಂಗಸರು ಬಾಯಿ ಮುಚ್ಚಿಕೊಂಡರು, ಮಗು ಎರಡು ತಿಂಗಳು ನರಳಿತು. ಎರಡನೆಯ ಪ್ರಶ್ನೆಯ ಉತ್ತರದಿಂದ ಅದು ಒಂದೇ ದಿನದಲ್ಲಿ ಗುಣದ ದಾರಿ ಹಿಡಿಯಿತು.