ತಿಪ್ಪೆ ಸಾರಿಸುವ ಅನುದಾನ

ನಮ್ಮ ಸೊಸೈಟಿಯ ಪಾರ್ಕಿಂಗ್ ಮೂಲೆಯಲ್ಲಿ ಒಂದು ಯಂತ್ರ ನಿಂತಿದೆ. ಫ್ರಿಜ್ಜಿಗಿಂತ ದೊಡ್ಡದು, ಮಾರುತಿ ಕಾರಿಗಿಂತ ಚಿಕ್ಕದು. ಈಗ ಅದರ ಮೇಲೆ ವಾಚ್‌ಮನ್ ಟವೆಲ್ ಒಣಹಾಕುತ್ತಾನೆ. ನಾಲ್ಕು ವರ್ಷದ ಹಿಂದೆ ಅದು ಬಂದ ದಿನ ರಿಬ್ಬನ್ ಕತ್ತರಿಸಿ, ತೆಂಗಿನಕಾಯಿ ಒಡೆದು, ಪೇಢೆ ಹಂಚಿದ್ದೆವು. ಒಂದು ಕಂಪನಿಯ ಸಿಎಸ್‌ಆರ್ ಅನುದಾನ. ಅಡುಗೆಮನೆಯ ಕಸ 24 ಗಂಟೆಯಲ್ಲಿ ಗೊಬ್ಬರ ಆಗುತ್ತದೆ ಅಂತ ಫಲಕದಲ್ಲಿ ಬರೆದಿತ್ತು. ಗ್ರೂಪ್ ಫೋಟೋದಲ್ಲಿ ನಾನೂ ಇದ್ದೇನೆ, ಹಲ್ಲು ಕಿರಿದುಕೊಂಡು.

24 ಗಂಟೆಯಲ್ಲಿ ಗೊಬ್ಬರ ಆಗುವುದಿಲ್ಲ ಸ್ವಾಮೀ. ಅಂಥ ಯಂತ್ರ ಕಸವನ್ನು ಕಾಯಿಸಿ, ತಿರುವಿ, ಒಣಗಿಸಿ ಪುಡಿ ಮಾಡುತ್ತದೆ, ಅಷ್ಟೇ. ಆ ಪುಡಿ ಗೊಬ್ಬರ ಆಗಬೇಕಾದರೆ ಇನ್ನೂ ಕೆಲವು ವಾರ ಕಳಿಯಬೇಕು, ನೀರು ಚಿಮುಕಿಸಬೇಕು, ಮಗುಚಿ ಹಾಕಬೇಕು. ಅದನ್ನೆಲ್ಲ ಮಾಡುತ್ತಿದ್ದವಳು ನಮ್ಮ ಇಂಡಿ ಕಡೆಯ ಒಬ್ಬ ಹೆಣ್ಣುಮಗಳು. ಉಳಿದ ಅನ್ನದ ನಡುವೆ ಸಿಗುವ ಹಾಲಿನ ಪ್ಯಾಕೆಟ್ಟು, ಬ್ಲೇಡು, ಮಕ್ಕಳ ಡೈಪರು ಎಲ್ಲವನ್ನೂ ಕೈಯಿಂದ ಆರಿಸಿ ತೆಗೆಯುತ್ತಿದ್ದಳು.

ಮೊದಲ ವರ್ಷ ಅವಳ ಸಂಬಳ ಅನುದಾನದಿಂದಲೇ ಬಂತು. ಆಮೇಲೆ ಸೊಸೈಟಿ ಕೊಡಬೇಕು ಅಂತಾಯಿತು. ಕರೆಂಟೂ ಸೇರಿ ಮನೆಗೆ ತಿಂಗಳಿಗೆ 90 ರೂಪಾಯಿ. ವಾರ್ಷಿಕ ಸಭೆಯಲ್ಲಿ ಗದ್ದಲವೋ ಗದ್ದಲ. "ಫುಕಟ್ ಅಂದಿದ್ರಲ್ಲ?" ಮತಕ್ಕೆ ಹಾಕಿದರು, ಬೇಡ ಅಂದವರು ಗೆದ್ದರು. ನಾನು ಕೈ ಎತ್ತಲಿಲ್ಲ. ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ. ಮುಂದಿನ ತಿಂಗಳಿಂದ ಆ ಹೆಣ್ಣುಮಗಳು ಬರಲಿಲ್ಲ. ಯಂತ್ರ ಮೂರು ದಿನ ನಾರಿತು, ನಿಂತಿತು.

ಪುಣೆಯಲ್ಲಿ ಇಪ್ಪತ್ತೆಂಟು ವರ್ಷ ಕಳೆದ ಮೇಲೆ ನನಗೆ ಖಾತ್ರಿಯಾಗಿದ್ದು ಇಷ್ಟು: ನಮ್ಮಲ್ಲಿ ಅನುದಾನ ಯಂತ್ರಕ್ಕೆ ಸಿಗುತ್ತದೆ, ಫಲಕಕ್ಕೆ ಸಿಗುತ್ತದೆ, ಪೇಢೆಗೂ ಸಿಗುತ್ತದೆ. ದಿನಾ ಆ ಯಂತ್ರದ ಬಾಯಿಗೆ ತುತ್ತು ಹಾಕುವ ಕೈಗೆ ಮಾತ್ರ ಸಿಗುವುದಿಲ್ಲ. ಇದನ್ನೇ ನಮ್ಮ ಕಡೆ ತಿಪ್ಪೆ ಸಾರಿಸುವುದು ಅನ್ನುತ್ತಾರೆ.

ನಿಯಮಗಳೇ ಹಾಗಿವೆ ನೋಡಿ. 2021ರಲ್ಲಿ ಶುರುವಾದ ಸ್ವಚ್ಛ ಭಾರತ ನಗರ ಯೋಜನೆಯ ಎರಡನೇ ಹಂತದಲ್ಲಿ ಪುಣೆಯಂಥ ಹತ್ತು ಲಕ್ಷ ಮೀರಿದ ಊರಿನ ಕಸದ ಘಟಕಕ್ಕೆ ಕೇಂದ್ರದ ಪಾಲು ಶೇಕಡಾ 25. ಅದು ಕಟ್ಟುವುದಕ್ಕೆ. ನಡೆಸುವ ಖರ್ಚು ಪಾಲಿಕೆಯ ತಲೆಗೆ. ಸಿಎಸ್‌ಆರ್ ದುಡ್ಡಿಗೂ ಗಡುವು ಇದೆ. ಶುರುವಾದ ವರ್ಷ ಬಿಟ್ಟು ಇನ್ನು ಮೂರು ವರ್ಷ, ಅಲ್ಲಿಗೆ ಆ ಯೋಜನೆ ಮುಗಿಯಬೇಕು. ಕಸಕ್ಕೆ ಮಾತ್ರ ಗಡುವಿಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯ ಅಂದಾಜಿನಂತೆ ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕಿಲೋ ಆಹಾರ ಕಸಕ್ಕೆ ಹೋಗುತ್ತದೆ. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ 600 ಗ್ರಾಂ. ನಮ್ಮ 200 ಮನೆಯ ಸೊಸೈಟಿಗೆ ದಿನಕ್ಕೆ 120 ಕಿಲೋ. ಅನುದಾನ ಮುಗಿಯಿತು ಅಂತ ಯಾರೂ ಉಣ್ಣುವುದು ಬಿಡುವುದಿಲ್ಲವಲ್ಲ!

ತಂತ್ರಜ್ಞಾನ ಇಲ್ಲ ಅಂತೀರಾ? ಆನಂದ ಕರ್ವೆಯವರ ಆರ್ತಿ ಸಂಸ್ಥೆ ಇದೇ ಪುಣೆಯದು. ಸೆಗಣಿಯ ಬದಲು ಅಡುಗೆಮನೆ ಕಸದಿಂದ ಗ್ಯಾಸ್ ಮಾಡುವ ಮನೆಮಟ್ಟದ ಘಟಕಕ್ಕೆ 2006ರಲ್ಲೇ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿ ಬಂತು. ತರ್ಕ ಸರಳ: ಸೆಗಣಿ ಅಂದರೆ ಹಸು ಆಗಲೇ ಜೀರ್ಣಿಸಿಕೊಂಡು ಬಿಟ್ಟಿದ್ದು. ಅನ್ನ, ರೊಟ್ಟಿಯಲ್ಲಿ ಪಿಷ್ಟ ಇನ್ನೂ ಪೂರ್ತಿ ಇರುತ್ತದೆ, ಗ್ಯಾಸ್ ಜಾಸ್ತಿ, ಬೇಗ. ಆಮೇಲೆ ಪಾಲಿಕೆ 2009ರ ಆಸುಪಾಸಿನಿಂದ ದಿನಕ್ಕೆ 5 ಟನ್ ಸಾಮರ್ಥ್ಯದ ಬಯೋಗ್ಯಾಸ್ ಘಟಕಗಳನ್ನು ವಾರ್ಡುಗಳಲ್ಲಿ ಕಟ್ಟಿಸಿತು, ಇಪ್ಪತ್ತಕ್ಕೂ ಹೆಚ್ಚು. ಅವುಗಳ ಪೈಕಿ ಎಷ್ಟೋ ಮುಚ್ಚಿದವು ಅಥವಾ ಅರೆಹೊಟ್ಟೆಯಲ್ಲಿ ನಡೆದವು ಅಂತ ಇಲ್ಲಿನ ಪತ್ರಿಕೆಗಳು ಮತ್ತೆ ಮತ್ತೆ ಬರೆದಿವೆ. ಬಯೋಗ್ಯಾಸ್ ಘಟಕ ಅಂದರೆ ಒಂದು ಹೊಟ್ಟೆ. ಅದಕ್ಕೆ ಪ್ಲಾಸ್ಟಿಕ್ ತಿನ್ನಿಸಿದರೆ ಗಂಟಲು ಕಟ್ಟುತ್ತದೆ, ಒಮ್ಮೆಲೇ ಅತಿಯಾಗಿ ತಿನ್ನಿಸಿದರೆ ಹುಳಿಯೇರಿ ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳು ಸೋಲುತ್ತವೆ, ಸರಿಹೋಗಲು ವಾರಗಟ್ಟಲೆ ಬೇಕು. ಕೊರತೆ ಬಿದ್ದಿದ್ದು ಸಿಮೆಂಟಿಗಲ್ಲ, ಬೇರ್ಪಡಿಸಿದ ಕಸಕ್ಕೆ, ಅಂದರೆ ಮತ್ತದೇ ಕೈಗಳಿಗೆ.

ಆ ಕೈಗಳು ಈ ಊರಲ್ಲೇ ಇವೆ ಅನ್ನುವುದು ಇನ್ನೂ ದೊಡ್ಡ ವ್ಯಂಗ್ಯ. 1993ರಲ್ಲಿ ಚಿಂದಿ ಆಯುವವರು ಕಾಗದ ಕಾಚ ಪತ್ರಾ ಕಷ್ಟಕರೀ ಪಂಚಾಯತ್ ಅಂತ ಸಂಘ ಕಟ್ಟಿದರು. ಬಹುಪಾಲು ದಲಿತ ಹೆಂಗಸರು. 1972ರ ಬರಗಾಲಕ್ಕೆ ಮರಾಠವಾಡಾದಿಂದ ಗುಳೆ ಬಂದ ಕುಟುಂಬಗಳೂ ಅದರಲ್ಲಿವೆ. ನಮ್ಮ ವಿಜಾಪುರ, ಕಲಬುರ್ಗಿ ಕಡೆಯವರಿಗೆ ಆ ಬರದ ಕತೆ ಬಿಡಿಸಿ ಹೇಳಬೇಕಿಲ್ಲ. ಅದೇ ಸಂಘದಿಂದ ಹುಟ್ಟಿದ 'ಸ್ವಚ್' ಸಹಕಾರ ಸಂಘ 2008ರಲ್ಲಿ ಪಾಲಿಕೆ ಜೊತೆ ಒಪ್ಪಂದ ಮಾಡಿಕೊಂಡಿತು. ಮೂರು ಸಾವಿರಕ್ಕೂ ಹೆಚ್ಚು ಜನ ಮನೆ ಮನೆಯಿಂದ ಕಸ ಎತ್ತುತ್ತಾರೆ, ಮನೆಯವರೇ ತಿಂಗಳ ಶುಲ್ಕ ಕೊಡುತ್ತಾರೆ. ದೊಡ್ಡದಾಗಿ ಬೆಳೆದು, ವರ್ಷಾನುಗಟ್ಟಲೆ ನಡೆದ ವ್ಯವಸ್ಥೆ ಅಂದರೆ ಇದು. ಇಂಥವರಿಗೆ 2020ರ ಕೊನೆಯಲ್ಲಿ ಒಪ್ಪಂದದ ಅವಧಿ ಮುಗಿದಾಗ ಸಣ್ಣ ಸಣ್ಣ ವಿಸ್ತರಣೆಗಳ ಮೇಲೆ ಉಸಿರು ಹಿಡಿದು ಕೂರುವ ಸ್ಥಿತಿ ಬಂತು. ಯಂತ್ರಕ್ಕೆ ಹತ್ತು ವರ್ಷದ ಆಯುಷ್ಯ ಅಂದಾಜು ಹಾಕುತ್ತೇವೆ, ಮನುಷ್ಯರಿಗೆ ತಿಂಗಳ ಲೆಕ್ಕ!

ಒಂದು ವಾದ ಯಾವಾಗಲೂ ಬರುತ್ತದೆ: "ಗೊಬ್ಬರ ಮಾರಿ ತಮ್ಮ ಕಾಲ ಮೇಲೆ ತಾವು ನಿಲ್ಲಲಿ." ಲೆಕ್ಕ ಮಾಡೋಣ. ಒಂದು ಟನ್ ಹಸಿಕಸದಿಂದ ಹೆಚ್ಚುಕಡಿಮೆ 200 ಕಿಲೋ ಗೊಬ್ಬರ. ನಗರದ ಗೊಬ್ಬರ ಮಾರಾಟಕ್ಕೆ ಕೇಂದ್ರ ಸರ್ಕಾರ 2016ರಲ್ಲಿ ಘೋಷಿಸಿದ ನೆರವು ಟನ್‌ಗೆ 1500 ರೂಪಾಯಿ. ಅಂದರೆ ಒಂದು ಟನ್ ಕಸಕ್ಕೆ 300 ರೂಪಾಯಿ ಬಂತು. ಅದನ್ನು ಆರಿಸಿ, ಮಗುಚಿ, ಜರಡಿ ಹಿಡಿಯುವವರ ಒಂದು ದಿನದ ಕೂಲಿಯೂ ಹುಟ್ಟುವುದಿಲ್ಲ. ಒಳಚರಂಡಿ ಲಾಭ ಮಾಡಲಿ ಅಂತ ಯಾರಾದರೂ ಕೇಳುತ್ತಾರಾ? ಕಸಕ್ಕೆ ಮಾತ್ರ ಯಾಕೆ ಈ ಶರತ್ತು?

ಅನುದಾನವೇ ಬೇಡ ಅಂತ ನಾನು ಹೇಳುತ್ತಿಲ್ಲ. ಕೊಡುವ ರೀತಿ ಬದಲಾಗಲಿ. ಯಂತ್ರದ ಬಿಲ್ಲಿಗಲ್ಲ, ತೂಕ ಮಾಡಿದ ಪ್ರತಿ ಟನ್‌ಗೆ ತಿಂಗಳು ತಿಂಗಳು ಕೊಡಲಿ. ಮೊದಲ ವರ್ಷ ಪೂರ್ತಿ, ಆಮೇಲೆ ಸ್ವಲ್ಪ ಸ್ವಲ್ಪ ಇಳಿಸಲಿ, ಅಷ್ಟರಲ್ಲಿ ಮನೆಗಳ ಶುಲ್ಕ ಏರಲಿ. ಶುಲ್ಕಕ್ಕೆ ಸಭೆಯಲ್ಲಿ ಸಹಿ ಬಿದ್ದ ಮೇಲಷ್ಟೇ ಯಂತ್ರ ಗೇಟಿನೊಳಗೆ ಬರಲಿ. ದಕ್ಷಿಣ ಕೊರಿಯಾ ಹೊಟ್ಟೆಗೆ ಸೇರದ ಆಹಾರವನ್ನು ನೆಲಕ್ಕೆ ಹೂಳುವುದನ್ನು 2005ರಲ್ಲಿ ನಿಷೇಧಿಸಿತು, 2013ರಿಂದ ಎಸೆದಷ್ಟಕ್ಕೆ ಶುಲ್ಕ ವಸೂಲಿ ಶುರು ಮಾಡಿತು. ಅಲ್ಲಿ ಆಹಾರ ಕಸದ ಬಹುಪಾಲು ಮರುಬಳಕೆ ಆಗುತ್ತಿರುವುದು ದಿನದಿನದ ಈ ದುಡ್ಡಿನಿಂದ, ರಿಬ್ಬನ್ನಿನಿಂದ ಅಲ್ಲ.

ನಮ್ಮ ಆ 120 ಕಿಲೋ ಈಗ ಲಾರಿ ಹತ್ತುತ್ತದೆ. ಹಿಂದೆ ಪುಣೆಯ ಕಸದ ಲಾರಿಗಳು ಉರುಳಿ ದೇವಾಚಿ, ಫುರಸುಂಗಿಗೆ ಹೋಗುತ್ತಿದ್ದವು. 2017ರ ಏಪ್ರಿಲ್‌ನಲ್ಲಿ ಅಲ್ಲಿನ ಗುಡ್ಡೆಗೆ ಬೆಂಕಿ ಬಿದ್ದ ಮೇಲೆ ಊರವರು ಮೂರು ವಾರ ಲಾರಿಗಳನ್ನು ತಡೆದು ನಿಂತರು. ನಮ್ಮ ಬೀದಿ ನಾರಿತು, ನಾವು ಅವರನ್ನೇ ಬೈದೆವು. ನಾವೂ ಹಳ್ಳಿ ಬಿಟ್ಟು ಬಂದವರೇ. ನಮ್ಮ ಊರ ಮುಂದೆ ಯಾರಾದರೂ ಹೀಗೆ ಮುಸುರೆ ಸುರಿದಿದ್ದರೆ?

ಸೆಪ್ಟೆಂಬರಿನಲ್ಲಿ ಸೊಸೈಟಿ ಸಭೆ ಇದೆ. 90 ರೂಪಾಯಿ ವಿಷಯವನ್ನು ಮತ್ತೆ ಎತ್ತುತ್ತೇನೆ, ಈ ಸಲ ಕೈಯನ್ನೂ ಎತ್ತುತ್ತೇನೆ. ಸೋಲಬಹುದು. ನಿಮ್ಮ ಸೊಸೈಟಿಯಲ್ಲೂ ಇಂಥದ್ದೊಂದು ಯಂತ್ರ ನಿಂತಿರಬೇಕು, ಒಮ್ಮೆ ಇಳಿದು ನೋಡಿ ಬನ್ನಿ. ಅದನ್ನು ನಡೆಸುತ್ತಿದ್ದವರು ಈಗ ಎಲ್ಲಿದ್ದಾರೆ ಅಂತಲೂ ಕೇಳಿ.