ರೋಗದ ದಾರಿ ನಮ್ಮ ನಳದಲ್ಲೇ ಇದೆ

2023ರಲ್ಲಿ ನಮ್ಮ ಕೊಪ್ಪಳ ಜಿಲ್ಲೆಯ ಎರಡು ಊರುಗಳು ರಾಜ್ಯದ ಗಮನ ಸೆಳೆದವು. ಕನಕಗಿರಿ ತಾಲ್ಲೂಕಿನ ಬಸರಿಹಾಳ ಮತ್ತು ಕುಷ್ಟಗಿ ತಾಲ್ಲೂಕಿನ ಬಿಜಕಲ್. ಎರಡೂ ಕಡೆ ವಾಂತಿ–ಭೇದಿ ಹರಡಿ ಜನ ಸತ್ತರು. ಕುಡಿಯುವ ನೀರು ಕಲುಷಿತವಾಗಿದ್ದೇ ಕಾರಣವೆಂಬ ಕೂಗೆದ್ದು, ಮುಖ್ಯಮಂತ್ರಿ ಸಿದ್ದರಾಮಯ್ಯ ತನಿಖೆಗೆ ಸೂಚಿಸಿದರು.

ಯಾವುದೇ ಸಾಂಕ್ರಾಮಿಕ ರೋಗ ಹರಡಲು ಮೂರು ಬೇಕು: ರೋಗಾಣು, ಅದು ಸಾಗುವ ದಾರಿ, ಅದಕ್ಕೆ ಸಿಗುವ ಮನುಷ್ಯ. ಕ್ಷಯ, ದಡಾರಕ್ಕೆ ಗಾಳಿ ದಾರಿ. ಡೆಂಗಿಗೆ ಸೊಳ್ಳೆ. ಕಾಲರಾ, ಟೈಫಾಯ್ಡ್ ರೋಗಿಯ ಮಲದಿಂದ ನೀರಿಗೆ, ನೀರಿನಿಂದ ಇನ್ನೊಬ್ಬರ ಬಾಯಿಗೆ ಸೇರುತ್ತವೆ. ದಾರಿ ಕಡಿದರೆ ರೋಗ ನಿಲ್ಲುತ್ತದೆ. 1854ರಲ್ಲಿ ಲಂಡನ್ನಿನ ವೈದ್ಯ ಜಾನ್ ಸ್ನೋ ಕಾಲರಾಕ್ಕೆ ಒಂದು ಬೀದಿಯ ಪಂಪಿನ ನೀರೇ ಮೂಲವೆಂದು ತೋರಿಸಿ ಅದರ ಹಿಡಿಕೆ ತೆಗೆಸಿದ. ರಾಬರ್ಟ್ ಕಾಕ್ ಕಾಲರಾ ರೋಗಾಣುವನ್ನು ಗುರುತಿಸಿದ್ದು ಅದಾಗಿ ಸುಮಾರು 30 ವರ್ಷಗಳ ನಂತರ.

ಬಿ.ಇ. ಓದುತ್ತಿರುವ ನನಗೆ ಇದು ವೈದ್ಯರ ವಿಷಯ ಮಾತ್ರವಲ್ಲ, ಪೈಪಿನ ವಿಷಯವೂ ಹೌದು ಅನ್ನಿಸುತ್ತದೆ. ನೀರು ಒತ್ತಡದಿಂದ ಹರಿಯುವಾಗ ಪೈಪು ಒಡೆದಿದ್ದರೂ ನೀರು ಹೊರಗೆ ಚಿಮ್ಮುತ್ತದೆಯೇ ಹೊರತು ಹೊಲಸು ಒಳಗೆ ಬರುವುದಿಲ್ಲ. ನೀರು ನಿಲ್ಲಿಸಿದಾಗ ಪೈಪು ಖಾಲಿಯಾಗಿ, ಅದೇ ಸೀಳಿನಿಂದ ಚರಂಡಿ ನೀರನ್ನು ಒಳಗೆಳೆದುಕೊಳ್ಳುತ್ತದೆ. ಮರುದಿನ ಮೊದಲ ಕೊಡಕ್ಕೆ ಬರುವುದು ಅದೇ. ಗಂಗಾವತಿಯಿರಲಿ, ಯಲಬುರ್ಗಾ ಇರಲಿ, ನಳಕ್ಕೆ ದಿನವಿಡೀ ನೀರು ಬಾರದ ಕಡೆಯೆಲ್ಲ ಈ ಅಪಾಯವಿದೆ. ತಗ್ಗು ತೋಡಿ ನಳ ಇಳಿಸುವುದು, ಪೈಪಿಗೇ ಮೋಟಾರು ಹಚ್ಚಿ ಎಳೆಯುವುದು ಇದನ್ನು ಹೆಚ್ಚಿಸುತ್ತವೆ.

ನೀರು ಯಾವಾಗ ಬರುತ್ತದೋ ಎಂದು ಡ್ರಮ್ಮುಗಳಲ್ಲಿ ತುಂಬಿಡುತ್ತೇವೆ. ಡೆಂಗಿ ಸೊಳ್ಳೆಗೆ ಬೇಕಾದದ್ದೂ ಇಂಥ ತಿಳಿನೀರೇ. ಒಂದೇ ಕೊರತೆಯಿಂದ ಎರಡು ರೋಗ.

ಮನೆಯಲ್ಲಿ ಮಾಡಬೇಕಾದದ್ದು ಎಲ್ಲರಿಗೂ ಗೊತ್ತು: ಕುದಿಸಿ ಆರಿಸಿದ ನೀರು, ಸೋಪಿನಿಂದ ಕೈ ತೊಳೆಯುವುದು, ವಾರಕ್ಕೊಮ್ಮೆ ಡ್ರಮ್ಮು ತಿಕ್ಕಿ ಒಣಗಿಸುವುದು. ಭೇದಿ ಶುರುವಾದರೆ ಓಆರ್‌ಎಸ್ ಕೊಡಬೇಕು. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿ ಕುಡಿಸುತ್ತ ಆಸ್ಪತ್ರೆಗೆ ಕರೆದೊಯ್ಯಬೇಕು.

ಆದರೆ ಚರಂಡಿಯೊಳಗೆ ಹಾದುಹೋದ ಪೈಪನ್ನು ಯಾವ ತಾಯಿಯೂ ತಾನೇ ಬದಲಿಸಲಾರಳು. ಅದು ಗ್ರಾಮ ಪಂಚಾಯಿತಿಯ, ಪುರಸಭೆ–ನಗರಸಭೆಯ ಕೆಲಸ. ಕ್ಲೋರಿನ್ ಹಾಕಿದ ನೀರಿನಲ್ಲಿ ಕೊನೆಯ ಮನೆಯ ನಳದವರೆಗೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಜಲ ಜೀವನ್ ಮಿಷನ್ ಅಡಿ ಪ್ರತಿ ಊರಿನ ಐವರು ಮಹಿಳೆಯರಿಗೆ ಕಿಟ್ ಬಳಸಿ ನೀರು ಪರೀಕ್ಷಿಸುವ ತರಬೇತಿ ಕೊಡಲು ಅವಕಾಶವಿದೆ.

ಗೆಳೆಯರೇ, ಮುಂದಿನ ಗ್ರಾಮಸಭೆಗೆ ಹೋಗಿ ಮೂರು ಪ್ರಶ್ನೆ ಕೇಳೋಣ. ನಮ್ಮೂರಿನ ಕಿಟ್ ಎಲ್ಲಿದೆ? ಟ್ಯಾಂಕು ತೊಳೆದದ್ದು ಯಾವಾಗ? ಚರಂಡಿಯಲ್ಲಿರುವ ಪೈಪು ಎಂದು ತೆಗೆಯುತ್ತೀರಿ? ಸಾವು ಬಂದ ಮೇಲೆ ತನಿಖೆ ಕೇಳುವ ಬದಲು, ಮಳೆಗಾಲಕ್ಕೆ ಮೊದಲೇ ಉತ್ತರ ಕೇಳುವುದು ಲೇಸು.