ಗುಂಡಿ ಒತ್ತಿದರೆ ಪಾಠ ಮುಗಿಯುವುದೇ?

ಮೊನ್ನೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಈಗ ಅವನೂ ಹುನಗುಂದ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನದ ಶಿಕ್ಷಕ. ಚಹಾ ಕುಡಿಯುತ್ತ, "ಸರ್, ನಿಮ್ಮ ಕಾಲದಾಗ ಭಾಳ ತ್ರಾಸ ಇತ್ತು ಬಿಡ್ರಿ. ಈಗ ಎಲ್ಲಾ ಪಾಠದ್ದೂ ವಿಡಿಯೋ ಸಿಗ್ತಾವ. ಹಚ್ಚಿಬಿಟ್ರ ಮುಗೀತು" ಎಂದ. ಅವನ ಮಾತಿನಲ್ಲಿ ಕಪಟವಿರಲಿಲ್ಲ. ಆದರೆ ಆ ಕೊನೆಯ ಮಾತು ನನ್ನನ್ನು ಆ ರಾತ್ರಿ ನಿದ್ದೆ ಮಾಡಗೊಡಲಿಲ್ಲ. ಆದ್ದರಿಂದ ಈ ಬರಹ.

ನಾನು ಯಂತ್ರದ್ವೇಷಿಯಲ್ಲ. ನಮ್ಮ ಸೇವಾವಧಿಯಲ್ಲಿ ಆಕಾಶವಾಣಿಯ ಶೈಕ್ಷಣಿಕ ಪಾಠಗಳಿದ್ದವು. ಈ ಶತಮಾನದ ಆರಂಭದಲ್ಲಿ ‘ಮಾಹಿತಿ ಸಿಂಧು’ ಯೋಜನೆಯಡಿ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರುಗಳು ಬಂದವು. 2004ರ ಸೆಪ್ಟೆಂಬರಿನಲ್ಲಿ ಶಿಕ್ಷಣಕ್ಕೆಂದೇ ‘ಎಜುಸ್ಯಾಟ್’ ಉಪಗ್ರಹವನ್ನು ಹಾರಿಸಲಾಯಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರ ಮೂಲಕ ಪಾಠಗಳು ಇಳಿದುಬಂದವು. 2017ರಲ್ಲಿ ‘ದೀಕ್ಷಾ’ ಬಂದಿತು. ಪಠ್ಯಪುಸ್ತಕದ ಪುಟಗಳಲ್ಲಿ ಕ್ಯೂಆರ್ ಸಂಕೇತಗಳು ಮೂಡಿದವು. ಪ್ರತಿ ಸಲವೂ ಯಂತ್ರ ಎಲ್ಲಿಂದ ಬರಬೇಕೆಂಬ ಚರ್ಚೆ ನಡೆಯಿತೇ ಹೊರತು, ಅದು ಬಂದ ಮೇಲೆ ಶಿಕ್ಷಕ ಏನು ಮಾಡಬೇಕೆಂಬ ಚರ್ಚೆ ಅಷ್ಟಾಗಿ ನಡೆಯಲಿಲ್ಲ. ನಾನು ದುಡಿದ ಶಾಲೆಯೊಂದರಲ್ಲಿ ಕಂಪ್ಯೂಟರುಗಳು ಬಹುಕಾಲ ಬಟ್ಟೆ ಹೊದ್ದು ಮಲಗಿದ್ದವು. ತಪಾಸಣೆಗೆ ಸಾಹೇಬರು ಬರುವ ದಿನ ಮಾತ್ರ ಆ ಕೋಣೆಯ ಬೀಗ ತೆರೆಯುತ್ತಿತ್ತು!

ಪರರನ್ನು ದೂರುವ ಮುನ್ನ ನನ್ನ ತಪ್ಪನ್ನು ಹೇಳಿಕೊಳ್ಳಬೇಕು. ಸೇವೆಯ ಕೊನೆಯ ವರ್ಷಗಳಲ್ಲಿ ನಾನು ಬಾದಾಮಿ ತಾಲ್ಲೂಕಿನಲ್ಲಿದ್ದೆ. ಚಾಲುಕ್ಯರ ಪಾಠ. ಆ ದಿನ ನನಗೆ ಮೈಯಲ್ಲಿ ಆಲಸ್ಯ. ಪ್ರೊಜೆಕ್ಟರಿನಲ್ಲಿ ಒಂದು ವಿಡಿಯೋ ಹಾಕಿ ಕುರ್ಚಿಯಲ್ಲಿ ಕುಳಿತುಬಿಟ್ಟೆ. ಸುಂದರವಾದ ಚಿತ್ರಗಳು, ಗಂಭೀರವಾದ ಧ್ವನಿ. ಅವಧಿ ಮುಗಿಯುವಾಗ ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಸರ್, ಇದು ನಮ್ಮ ಗುಡ್ಡನ ಏನ್ರೀ?" ಕಿಟಕಿಯ ಆಚೆಗೆ ಅದೇ ಕೆಂಪು ಗುಡ್ಡ ಕಾಣುತ್ತಿತ್ತು. ನನಗೆ ನಾಚಿಕೆಯಾಯಿತು.

ಮರುದಿನ ಮಕ್ಕಳನ್ನು ಕಪ್ಪೆ ಅರಭಟ್ಟನ ಶಾಸನವಿರುವ ಬಂಡೆಯ ಬಳಿಗೆ ನಡೆಸಿಕೊಂಡು ಹೋದೆ. ಇದರಲ್ಲಿರುವುದು ತ್ರಿಪದಿ, ಮೂರು ಸಾಲಿನ ಪದ್ಯ, ಕನ್ನಡದಲ್ಲಿ ನಮಗೆ ದೊರೆತಿರುವ ಅತಿ ಹಳೆಯ ತ್ರಿಪದಿಗಳಲ್ಲೊಂದು ಎಂದು ವಿವರಿಸಿದೆ. ಅದೇ ಹುಡುಗಿ, "ಬೀಸೋ ಮುಂದ ನಮ್ಮಜ್ಜಿ ಹಾಡ್ತಾಳಲ್ರೀ, ಹಂಗ?" ಎಂದಳು. ಹೌದು, ಬೀಸುವ ಕಲ್ಲಿನ ಹಾಡೂ ತ್ರಿಪದಿಯೇ. ಸಾವಿರದ ಮುನ್ನೂರು ವರ್ಷಗಳ ಹಿಂದಿನ ಬಂಡೆಯನ್ನೂ ತನ್ನ ಅಡುಗೆಮನೆಯನ್ನೂ ಆ ಮಗು ಒಂದೇ ಮಾತಿನಲ್ಲಿ ಜೋಡಿಸಿತು. ಯಾವ ವಿಡಿಯೋ ಈ ಮಾತನ್ನು ಆಡಿಸೀತು? ವಿಡಿಯೋಕ್ಕೆ ಆ ಅಜ್ಜಿಯ ಪರಿಚಯವಿಲ್ಲ.

ಆದರೆ ಮುಂದಿನದನ್ನೂ ಹೇಳದಿದ್ದರೆ ಅನ್ಯಾಯವಾದೀತು. ಮೂರನೆಯ ದಿನ ಅದೇ ವಿಡಿಯೋವನ್ನು ಮತ್ತೆ ಹಾಕಿದೆ. ಈ ಸಲ ಎರಡು ನಿಮಿಷಕ್ಕೊಮ್ಮೆ ನಿಲ್ಲಿಸಿದೆ, ಪ್ರಶ್ನೆ ಕೇಳಿದೆ. ಐಹೊಳೆಯ ಮೇಗುಟಿಯಲ್ಲಿ ರವಿಕೀರ್ತಿ ಬರೆದ ಕ್ರಿ.ಶ. 634ರ ಶಾಸನದ ಅಕ್ಷರಗಳನ್ನು ಪರದೆಯ ಮೇಲೆ ದೊಡ್ಡದು ಮಾಡಿ ತೋರಿಸಿದೆ. ಗೋಡೆಯೆದುರು ನಿಂತರೂ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಯಂತ್ರ ಅದೇ, ಶಾಲೆ ಅದೇ, ಮಕ್ಕಳೂ ಅವರೇ. ಬದಲಾದದ್ದು ಕುರ್ಚಿ ಬಿಟ್ಟು ಎದ್ದ ಮಾಸ್ತರನೊಬ್ಬನೇ.

2020ನ್ನು ಮರೆಯಬೇಡಿ. ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯಲ್ಲಿ ಪಾಠಗಳು ಬಂದವು. ಶಿಕ್ಷಕರು ಗುಂಪುಗಳಿಗೆ ಕೊಂಡಿಗಳನ್ನು ಕಳಿಸಿದರು. ಮನೆಗೊಂದೇ ಮೊಬೈಲು, ಅದು ಬೆಳಿಗ್ಗೆಯೇ ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೊರಟುಹೋಗುವ ಮನೆಗಳನ್ನು ನಾನು ಕಂಡಿದ್ದೇನೆ. ಅಂಥ ಮನೆಯ ಮಕ್ಕಳನ್ನು ತಲುಪಿದ್ದು ಆ ವರ್ಷದ ‘ವಿದ್ಯಾಗಮ’ದಲ್ಲಿ ಗುಡಿಯ ಕಟ್ಟೆಗೆ, ಮರದ ನೆರಳಿಗೆ ನಡೆದುಹೋದ ಶಿಕ್ಷಕರ ಕಾಲುಗಳು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು. ತಂತ್ರಜ್ಞಾನವು ಶಿಕ್ಷಕನಿಗೆ ನೆರವಾಗಬೇಕೇ ವಿನಾ ಅವನ ಸ್ಥಾನವನ್ನು ಕಸಿಯಬಾರದೆಂದು ಯುನೆಸ್ಕೋ 2023ರ ತನ್ನ ಜಾಗತಿಕ ಶಿಕ್ಷಣ ವರದಿಯಲ್ಲಿ ಎಚ್ಚರಿಸಿತು. ನಮ್ಮ ಹಳ್ಳಿಯ ಶಿಕ್ಷಕರಿಗೆ ಅದು ಮೂರು ವರ್ಷ ಮೊದಲೇ ಗೊತ್ತಾಗಿತ್ತು.

ಹಾಗೆಂದು, "ಮೊಬೈಲನ್ನೇ ಶಾಲೆಯಿಂದ ಹೊರಗಿಡಿ" ಎನ್ನುವ ನನ್ನ ಓರಗೆಯ ನಿವೃತ್ತ ಮಿತ್ರರ ಮಾತನ್ನೂ ಒಪ್ಪಲಾರೆ. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣವನ್ನು ನೋಡಿದವರಿಗೆ ಗೊತ್ತು: ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರೇ ಕೂಡಿ ಕನ್ನಡದಲ್ಲಿ ಪಾಠಸಾಮಗ್ರಿ ರಚಿಸಿ ಎಲ್ಲರಿಗೂ ಹಂಚಿದ್ದಾರೆ. ಪರರು ಮಾಡಿದ್ದನ್ನು ಹಚ್ಚುವವನಿಗೂ ತಾನೇ ಒಂದನ್ನು ಮಾಡುವವನಿಗೂ ಅಜಗಜಾಂತರ. ಸಮಯವೆಲ್ಲಿದೆ ಎಂದು ಶಿಕ್ಷಕರು ಕೇಳುತ್ತಾರೆ. ಆ ಪ್ರಶ್ನೆ ನ್ಯಾಯವಾದದ್ದೇ. ಫೋಟೋ ಏರಿಸುವುದು, ಅಂಕಿಅಂಶ ತುಂಬುವುದು ಎಂಬ ಕೆಲಸಗಳಲ್ಲೇ ಅವರ ಮೊಬೈಲು ಸವೆಯುತ್ತಿದೆ. ಮೇಲಿನವರೇ, ಎಷ್ಟು ವಿಡಿಯೋ ತೋರಿಸಿದಿರಿ ಎಂದು ಲೆಕ್ಕ ಕೇಳುವುದನ್ನು ಬಿಡಿ. ನೋಡಿದ ಮೇಲೆ ಮಕ್ಕಳು ಏನು ಕೇಳಿದರು ಎಂದು ಕೇಳಿ.

ಇಳಕಲ್ಲಿನ ನೇಕಾರರ ಮನೆಯಲ್ಲಿ ಸೀರೆಯ ಒಡಲಿನ ಎಳೆಗಳನ್ನೂ ಸೆರಗಿನ ರೇಷ್ಮೆ ಎಳೆಗಳನ್ನೂ ಕೊಂಡಿ ಹಾಕಿ ಸೇರಿಸುತ್ತಾರೆ. ಕೈಯಿಂದಲೇ, ಎಳೆ ಎಳೆಯಾಗಿ, ತಾಳ್ಮೆಯಿಂದ. ಆ ಕೊಂಡಿ ಇಲ್ಲದಿದ್ದರೆ ಸೆರಗು ಎಷ್ಟೇ ಚೆಂದವಿದ್ದರೂ ಸೀರೆಯಾಗುವುದಿಲ್ಲ. ವಿಡಿಯೋ ನಮ್ಮ ಕಾಲದ ರೇಷ್ಮೆ ಸೆರಗು. ತರಗತಿಯ ಮಕ್ಕಳ ಬದುಕು ಒಡಲು. ಕೊಂಡಿ ಹಾಕಬೇಕಾದವರು ನೀವು.

ಇದನ್ನು ಓದುವ ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಶಿಕ್ಷಕರಾಗಿದ್ದೀರಿ. ನಿಮ್ಮ ಗುರುವಿನ ವಿನಂತಿ ಇಷ್ಟೇ: ನಾಳೆ ವಿಡಿಯೋ ಹಚ್ಚಿರಿ, ಅವಶ್ಯವಾಗಿ ಹಚ್ಚಿರಿ. ಆದರೆ ನಡುವೆ ಒಮ್ಮೆ ನಿಲ್ಲಿಸಿ, ಕೊನೆಯ ಬೆಂಚಿನತ್ತ ನೋಡಿರಿ. ಅಲ್ಲಿ ಯಾರೋ ಒಬ್ಬಳು ಏನನ್ನೋ ಕೇಳಬೇಕೆಂದಿರುತ್ತಾಳೆ.